ರಖಮಾಳ ಕರಿಖಾರ

ಚೌಗುಲೆಯವರ ಮನೆಯಲ್ಲಿ ಇಪ್ಪತ್ತೆರಡು ವರ್ಷ ಒಲೆ ಊದಿದ ಹೌಸಾಬಾಯಿಗೆ ಆ ಮನೆಯ ಖಾರಪುಡಿಯಲ್ಲಿ ಏನೇನು ಬಿದ್ದಿದೆ, ಎಷ್ಟೆಷ್ಟು ಬಿದ್ದಿದೆ ಎಂಬುದು ಗೊತ್ತಿರಲಿಲ್ಲ. ಗೊತ್ತಾಗಲೇಬಾರದು ಎಂದು ಅವಳ ಅತ್ತೆ ಬಾಯಜಾಬಾಯಿ ಹಟ ತೊಟ್ಟಿದ್ದಳು. ಖಾರದ ಎರಡು ದೊಡ್ಡ ಭರಣಿಗಳು ದೇವರ ಕೋಣೆಯ ಕಪಾಟಿನಲ್ಲಿ ಇರುತ್ತಿದ್ದವು. ಕಪಾಟಿನ ಬೀಗದ ಕೈ ಬಾಯಜಾಬಾಯಿಯ ಸೊಂಟದಲ್ಲಿ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಬಂದು, ಅವತ್ತಿಗೆ ಎಷ್ಟು ಬೇಕೋ ಅಷ್ಟು ಖಾರ ಬಟ್ಟಲಿಗೆ ತೆಗೆದು ಒಲೆಯ ಕಟ್ಟೆಯ ಮೇಲಿಟ್ಟು ಹೋಗುವಳು. ಹೌಸಾ ಅದನ್ನು ಹಾಕಿ ಕುದಿಸಬೇಕು, ಉಂಡವರು ಹೊಗಳಿದ್ದನ್ನು ಅತ್ತೆ ಕೇಳಬೇಕು.

ಪಂಚಗಂಗೆಯ ದಂಡೆಯ ಆ ಊರುಗಳಲ್ಲಿ ಮನೆತನದ ಮಾನ ಹೊಲದಲ್ಲಿಲ್ಲ, ಮಾಳಿಗೆಯಲ್ಲಿಲ್ಲ, ಖಾರದಲ್ಲಿದೆ. ಚೈತ್ರದ ಬಿಸಿಲು ಬಿದ್ದಿತೆಂದರೆ ಮಾಳಿಗೆಗಳೆಲ್ಲ ಮೆಣಸಿನಕಾಯಿಯಿಂದ ಕೆಂಪಾಗುತ್ತವೆ. ಬೀದಿಯಲ್ಲಿ ಹೋಗುವ ನಾಯಿಯೂ ಸೀನುತ್ತದೆ. ಒಣಗಿದ್ದನ್ನು ಹುರಿದು, ಉಳ್ಳಾಗಡ್ಡಿ ಬೆಳ್ಳುಳ್ಳಿ ಕೊಬ್ಬರಿ ಎಲ್ಲ ಕೂಡಿಸಿ, ಬಟ್ಟೆ ಮುಚ್ಚಿದ ಡಬ್ಬಿಯಲ್ಲಿ ತಲೆಯ ಮೇಲೆ ಹೊತ್ತು ದಸ್ತಗೀರ ಚಾಚಾನ ಡಂಕಕ್ಕೆ ಒಯ್ಯಬೇಕು. ಡಂಕವೆಂದರೆ ಕುಟ್ಟುವ ಗಿರಣಿ. ಎಂಟು ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಎದ್ದು ಬೀಳುತ್ತಿದ್ದರೆ ಪಕ್ಕದಲ್ಲಿ ನಿಂತವರ ಹಲ್ಲು ಅಲುಗಾಡುತ್ತವೆ. ವರ್ಷಕ್ಕೊಮ್ಮೆ ಕುಟ್ಟಿಸಿದ್ದು ವರ್ಷವಿಡೀ ನಡೆಯಬೇಕು. ಮಳೆ ಹಿಡಿದ ಮೇಲೆ ಡಂಕ ಬಂದ್.

ಪ್ರತಿ ಮನೆಗೂ ಅದರದೇ ಅಳತೆ. ಆ ಅಳತೆಯನ್ನು ಯಾರೂ ಬರೆದಿಡುವುದಿಲ್ಲ. ಅತ್ತೆಯಾದವಳು ಒಂದು ವರ್ಷ ಸೊಸೆಯನ್ನು ಡಂಕಕ್ಕೆ ಕರೆದೊಯ್ದು, ಒನಕೆಗಳು ಧಡಧಡ ಬೀಳುತ್ತಿರುವಾಗ ಅವಳ ಕಿವಿಗೆ ಬಾಯಿಟ್ಟು ಹೇಳುತ್ತಾಳೆ. ಆ ಸದ್ದಿನಲ್ಲಿ ಮೂರನೆಯವರಿಗೆ ಒಂದಕ್ಷರ ಕೇಳುವುದಿಲ್ಲ. ತುಟಿಯ ಆಟ ನೋಡಿ ತಿಳಿದುಕೊಂಡಾರು ಎಂದು ಪಾಳಿಯಲ್ಲಿ ನಿಂತ ಹೆಂಗಸರು ಮುಖ ಆಚೆ ತಿರುಗಿಸುವುದು ಮರ್ಯಾದೆ. ಅವತ್ತಿನಿಂದ ಒಲೆಯ ಯಜಮಾನಿಕೆ ಸೊಸೆಯದು. ಅಳತೆ ಸಿಗದ ಸೊಸೆ ಎಷ್ಟು ವರ್ಷ ಬೇಯಿಸಿದರೂ ಆಳೇ.

ಹೌಸಾ ರಾಧಾನಗರಿ ಕಡೆಯ ಗುಡ್ಡದ ಊರಿನವಳು. ಅವಳ ತಾಯಿ ರಖಮಾ ಗುಡ್ಡದ ಮರಗಳಿಂದ, ಬಂಡೆಗಳಿಂದ ಕಲ್ಲುಹೂವು ಕೆರೆದು ತಂದು, ಬುಟ್ಟಿಯಲ್ಲಿ ತುಂಬಿಕೊಂಡು ಕೊಲ್ಹಾಪುರದ ಪೇಟೆಯಲ್ಲಿ ಕೂತು ಮಾರುತ್ತಿದ್ದಳು. ಆ ಹೆಂಗಸಿಗೆ ಗುಟ್ಟು ಎಂಬುದೇ ಗೊತ್ತಿರಲಿಲ್ಲ. ಕೊಂಡವರ ಕೈ ಹಿಡಿದು ನಿಲ್ಲಿಸಿ, "ಒಯ್ದರ ಸಾಲದು ತಂಗಿ, ಹಾಕಾಕ ಬರಬೇಕು. ಮೂರು ಸೇರು ಮೆಣಸಿನಕಾಯಿಗೆ ಇದು ಎರಡು ಹಿಡಿ. ಹುಚ್ಚೆಳ್ಳು ಹುರದು ಹಾಕು. ಬೆಳ್ಳುಳ್ಳಿ ಸಿಪ್ಪಿ ಸುಲೀಬ್ಯಾಡ," ಎಂದು ತನ್ನ ಅಳತೆಯನ್ನೆಲ್ಲ ಅರ್ಧ ಪೇಟೆಗೆ ಕೇಳುವಂತೆ ಹೇಳುವಳು. ಏಳು ವರ್ಷದ ಹೌಸಾ ಪಕ್ಕದಲ್ಲಿ ಕೂತು ಅದನ್ನು ಮಗ್ಗಿಯ ಹಾಗೆ ಕಲಿತಳು. ಹಾಗೆ ಕುಟ್ಟಿದ ಖಾರ ಕೆಂಪಗಿರುವುದಿಲ್ಲ, ಕರ್ರಗಿರುತ್ತದೆ. ನೋಡಿದರೆ ಮಸಿ, ತಿಂದರೆ ಮುಂದಿನ ರೊಟ್ಟಿಗೆ ಕೈ ತಾನೇ ಹೋಗುತ್ತದೆ.

ಮದುವೆಯಾಗಿ ಬಂದಾಗ ರಖಮಾ ಮಗಳ ಜೊತೆ ಒಂದು ಸಣ್ಣ ಭರಣಿ ಕರಿಖಾರ ಕಳಿಸಿದ್ದಳು. ಬೀಗರು ಕೊಟ್ಟ ಸಾಮಾನನ್ನು ಹತ್ತು ಹೆಂಗಸರು ಸುತ್ತ ಕೂತು ನೋಡುತ್ತಿದ್ದರು. ಬಾಯಜಾಬಾಯಿ ಭರಣಿಯ ಮುಚ್ಚಳ ತೆಗೆದು ಮೂಗು ಮುರಿದಳು.

"ಇದೇನ್ರವ್ವ, ಕಲ್ಲಿನ ಮ್ಯಾಲಿನ ಪಾಚಿ ಕುಟ್ಟಿ ಕಳಸ್ಯಾರ! ದನದ ಕೊಟಗ್ಯಾಗ ಇಡ್ರಿ. ಎಮ್ಮಿ ಹೊಟ್ಟಿ ಉಬ್ಬಿದ್ರ ಉಪಯೋಗಕ್ಕ ಬರ್ತೈತಿ."

ಹೆಂಗಸರು ನಕ್ಕರು. ಒಬ್ಬಳು ಭರಣಿಯನ್ನು ನಿಜವಾಗಿಯೂ ಕೊಟ್ಟಿಗೆಗೆ ಒಯ್ದಳು. ಅರಿಸಿನದ ಕೈ ಇನ್ನೂ ಆರದ ಹದಿನೆಂಟರ ಹುಡುಗಿ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಕೊಟ್ಟಿಗೆಗೆ ಹೋಗಿ ಭರಣಿ ತಂದು, ಎಲ್ಲರ ಎದುರೇ ತನ್ನ ಟ್ರಂಕಿನಲ್ಲಿ ಇಟ್ಟು ಮುಚ್ಚಿದಳು. ಅವತ್ತು ನಕ್ಕವರ ಮುಖ ಒಂದೊಂದನ್ನೂ ಅವಳು ನೋಡಿಟ್ಟುಕೊಂಡಳು. ಬಾಯಜಾಬಾಯಿಗೂ ಅವತ್ತೇ ತಿಳಿಯಿತು, ಮನೆಗೆ ಬಂದದ್ದು ಬಗ್ಗುವ ಕುತ್ತಿಗೆಯಲ್ಲ ಎಂದು.

ಅಲ್ಲಿಂದ ಮುಂದೆ ಪ್ರತಿ ಚೈತ್ರದಲ್ಲೂ ಹೌಸಾ ಹಿತ್ತಿಲ ಒರಳಲ್ಲಿ ನಾಲ್ಕು ಸೇರು ಕರಿಖಾರ ಕುಟ್ಟಿಕೊಂಡಳು. ಡಂಕಕ್ಕೆ ಒಯ್ಯಲು ಅತ್ತೆ ಬಿಡಲಿಲ್ಲ, ಅವಳು ಕೇಳಲೂ ಇಲ್ಲ. ಅಂಗೈಯಲ್ಲಿ ಬೊಬ್ಬೆ ಬಂದರೂ ಕುಟ್ಟಿದಳು. ಮನೆಮಂದಿಗೆಲ್ಲ ಚೌಗುಲೆ ಮನೆಯ ಕೆಂಪು ಖಾರದಲ್ಲಿ ಬೇಯಿಸಿ ಬಡಿಸಿ, ತಾನು ಮಾತ್ರ ರೊಟ್ಟಿಯ ಮೇಲೆ ತನ್ನ ತಾಯಿಯ ಖಾರ, ಎರಡು ಹನಿ ಎಣ್ಣೆ ಹಾಕಿಕೊಂಡು ಉಂಡಳು. ಮಗಳು ವೈಜಂತಾ ಹಲ್ಲು ಬಂದ ದಿನದಿಂದ ಅದರಲ್ಲಿ ಪಾಲು ಕೇಳಿದಳು.

"ಎರಡು ಖಾರ ಯಾಕ ಬೇಕ ಒಂದ ಮನ್ಯಾಗ?" ಎಂದು ಗಂಡ ನಾಮದೇವ ಒಮ್ಮೆ ಕೇಳಿದ. ಒಳ್ಳೆಯ ಮನುಷ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ.

"ನಿಮ್ಮವ್ವ ತನ್ನ ಅಳತಿ ಕೊಡಲಿ, ಒಂದ ಮಾಡ್ತೀನಿ," ಎಂದಳು ಹೌಸಾ. ಅವನು ಎಮ್ಮೆಗೆ ನೀರು ಕುಡಿಸಲು ಎದ್ದು ಹೋದ.

ಅವಳಿಗೆ ಆ ಅಳತೆ ಬೇಕಿತ್ತೆ? ಬೇಕಿತ್ತು. ಸುಳ್ಳು ಯಾಕೆ ಹೇಳಬೇಕು. ಅತ್ತೆಯ ಖಾರ ಒಳ್ಳೆಯ ಖಾರ, ಅದನ್ನು ಅಲ್ಲಗಳೆಯುವಷ್ಟು ಕೆಟ್ಟ ನಾಲಿಗೆ ಹೌಸಾಳದಲ್ಲ. ಇಷ್ಟು ವರ್ಷ ಅದರ ಘಮದಲ್ಲಿ ಕಣ್ಣೀರು ಸುರಿಸಿದವಳಿಗೆ ಅದರಲ್ಲಿ ಬಿದ್ದದ್ದರ ಹೆಸರಾದರೂ ಗೊತ್ತಿರಬೇಡವೇ? ಆದರೆ ಬಾಯಜಾಬಾಯಿಯ ಲೆಕ್ಕ ಬೇರೆ. ಗಂಡು ಹೆತ್ತ ಸೊಸೆಗೆ ಅಳತೆ. ಹೌಸಾಗೆ ಒಂದೇ ಹೆಣ್ಣು. ಮೈದುನನ ಹೆಂಡತಿ ಸುಲಭಾ ಬಂದಳು, ಗಂಡು ಹೆತ್ತಳು. ಒಂದು ಚೈತ್ರದಲ್ಲಿ ಬಾಯಜಾಬಾಯಿ ಅವಳ ಕೈ ಹಿಡಿದುಕೊಂಡು ಡಂಕಕ್ಕೆ ಹೊರಟಳು. ಖಾರದ ಡಬ್ಬಿ ಮಾತ್ರ ಹೌಸಾಳ ತಲೆಯ ಮೇಲೆ.

ಡಂಕದ ಬಾಗಿಲಲ್ಲಿ ಡಬ್ಬಿ ಇಳಿಸಿಕೊಂಡು, "ನೀ ಬೇವಿನ ಗಿಡದ ಬುಡಕ ನಿಂದ್ರು," ಎಂದಳು ಅತ್ತೆ. ಒನಕೆಗಳು ಏಳತೊಡಗಿದವು. ಮುದುಕಿ ಚಿಕ್ಕ ಸೊಸೆಯ ಕಿವಿಗೆ ಬಾಯಿಟ್ಟಳು. ಪಾಳಿಯ ಹೆಂಗಸರೆಲ್ಲ ಮುಖ ತಿರುಗಿಸಿದರು. ಹೌಸಾ ತಿರುಗಿಸಲಿಲ್ಲ. ಬೇವಿನ ಬುಡದಲ್ಲಿ ನೆಟ್ಟಗೆ ನಿಂತು, ಮುಗಿಯುವವರೆಗೂ ನೋಡಿದಳು. ಅವಳ ಹೊಟ್ಟೆಯಲ್ಲಿ ಅವತ್ತು ಉರಿದದ್ದಕ್ಕೆ ಯಾವ ಮೆಣಸಿನಕಾಯಿಯೂ ಸಾಟಿಯಿಲ್ಲ. ಮನೆಗೆ ಬಂದು ಯಾರಿಗೂ ಕಾಣದಂತೆ ಅತ್ತಳು, ಮುಖ ತೊಳೆದು ರೊಟ್ಟಿ ತಟ್ಟಿದಳು.

ಮರುವರ್ಷ ಖಾರದ ಕೆಲಸ ಸುಲಭಾಳ ಪಾಲಿಗೆ ಬಂತು. ಕೆಟ್ಟ ಹುಡುಗಿಯೇನಲ್ಲ, ಅವಸರದ ಹುಡುಗಿ. ತವರಿನಲ್ಲಿ ತಮ್ಮನ ಮದುವೆ ಇತ್ತು. ಹೆಚ್ಚಿದ ಉಳ್ಳಾಗಡ್ಡಿ ಮಾಳಿಗೆಯ ಮೇಲೆ ಐದು ದಿನ ಒಣಗಬೇಕು, ಹಿಡಿದರೆ ಎಲೆಯ ಹಾಗೆ ಪುಡಿಯಾಗಬೇಕು. ಅವಳು ಎರಡನೇ ದಿನಕ್ಕೇ ಎತ್ತಿ ಎಣ್ಣೆಗೆ ಹಾಕಲು ಹೊರಟಳು. ಹೌಸಾ ಒಂದು ಚೂರು ಬೆರಳಲ್ಲಿ ಮಡಚಿ ನೋಡಿದಳು. ಅದು ಮುರಿಯಲಿಲ್ಲ, ಬಾಗಿತು.

"ಸುಲಭಾ, ಉಳ್ಳಾಗಡ್ಡಿ ಇನ್ನೂ ಹಸಿ ಐತಿ. ಮಳಿಗಾಲದಾಗ ಕೈ ಕೊಡ್ತೈತಿ ನೋಡು."

"ಅಳತಿ ನನಗ ಗೊತ್ತೈತಿ ಅಕ್ಕಾ," ಎಂದಳು ಸುಲಭಾ.

ಕೆಳಗಿನಿಂದ ಅತ್ತೆಯ ದನಿ ಬಂತು: "ಗೊತ್ತಿಲ್ಲದಾಕಿ ಗೊತ್ತಿದ್ದಾಕಿಗೆ ಬುದ್ಧಿ ಹೇಳೂದು ಯಾವ ಊರ ರೀತಿ? ನಿನ್ನ ಪಾಚಿ ನೀ ಕುಟಗೋ ಹೋಗು."

ಹೌಸಾ ಚೂರನ್ನು ಹಾಸಿದ ಬಟ್ಟೆಯ ಮೇಲೆ ಮರಳಿ ಎಸೆದು ಕೆಳಗಿಳಿದಳು. ಇನ್ನೊಂದು ಮಾತು ಆಡಲಿಲ್ಲ. ಆಡಬಹುದಿತ್ತು ಎಂದು ಆಮೇಲೆ ನಾಮದೇವ ಅಂದ. ಯಾಕೆ ಆಡಬೇಕು?

ಆಷಾಢ ಮುಗಿಯುವ ಮುನ್ನಿನ ಭಾನುವಾರ ಚೌಗುಲೆಯವರ ಮನೆಯಲ್ಲಿ ಭಾವಕಿಯ ಊಟ. ಶ್ರಾವಣ ಹಿಡಿದರೆ ಒಂದು ತಿಂಗಳು ಮಾಂಸವಿಲ್ಲವಲ್ಲ, ಅದಕ್ಕೆ ಮುಂಚೆ ದಾಯಾದಿಗಳನ್ನೆಲ್ಲ ಕರೆದು ಕುರಿ ಕೊಯ್ದು ಉಣಿಸುವುದು ಮೂರು ತಲೆಮಾರಿನ ಪದ್ಧತಿ. ಆ ಮನೆಯ ರಸ್ಸಾ, ಖಾರದ ಮಾಂಸದ ಸಾರು, ಕುಡಿಯುವುದಕ್ಕೆಂದೇ ನಲವತ್ತು ಜನ ಮಳೆಯಲ್ಲಿ ನೆನೆದುಕೊಂಡು ಬರುತ್ತಾರೆ. ಶನಿವಾರ ಬೆಳಿಗ್ಗೆ ಹಳೆಯ ಖಾರ ಮುಗಿಯಿತೆಂದು ಬಾಯಜಾಬಾಯಿ ಹೊಸ ಭರಣಿಯ ಬಟ್ಟೆ ಬಿಚ್ಚಿದಳು. ಬಿಚ್ಚಿದವಳು ಹಾಗೇ ಕೂತುಬಿಟ್ಟಳು. ಖಾರಕ್ಕೆ ಬೂಷ್ಟು ಹಿಡಿದು ಮೇಲೆ ಬೆಳ್ಳಗೆ ಬುರುಸು ಬೆಳೆದಿತ್ತು, ಮುದುಕರ ಗಡ್ಡದ ಹಾಗೆ. ಎರಡನೇ ಭರಣಿಯೂ ಅಷ್ಟೇ. ಕೈ ಹಾಕಿದರೆ ತಳದವರೆಗೂ ಹಸಿ ವಾಸನೆ.

ಸುಲಭಾ ಬಾಗಿಲಲ್ಲಿ ನಿಂತು ಅಳತೊಡಗಿದಳು. ಬಾಯಜಾಬಾಯಿ ಬಯ್ಯಲಿಲ್ಲ. ಬಯ್ಯುವ ಶಕ್ತಿಯೂ ಉಡುಗಿತ್ತು. ನಾಮದೇವ, "ಪ್ಯಾಟ್ಯಾಗ ಪಾಕೀಟ ಸಿಗತಾವು, ತರಲೇನವ್ವಾ?" ಎಂದಾಗ ಮಾತ್ರ ಅವಳಿಗೆ ಜೀವ ಬಂತು.

"ಅಂಗಡಿ ಪಾಕೀಟ ನನ್ನ ಒಲಿ ಏರಿತಂದ್ರ ನಾ ಆ ಒಲ್ಯಾಗ ಬೀಳ್ತೀನಿ. ನೆರೆಮನಿಗೆ ಖಾರ ಬೇಡಾಕ ಹೋದ್ರ ಊರ ಮುಂದ ಮೂಗು ಕೊಯ್ಸಿಕೊಂಡಂಗ."

ಮಳೆ ಹಂಚಿನ ಮೇಲೆ ಬೀಳುತ್ತಿತ್ತು. ಮುದುಕಿಯ ಕಣ್ಣು ನಿಧಾನಕ್ಕೆ ಅಟ್ಟದ ಕಡೆ ಹೋಯಿತು. ಅಲ್ಲಿ ಹೌಸಾಳ ಭರಣಿಯಿತ್ತು. ಆದರೆ ಆ ಮಾತು ಅವಳ ಬಾಯಿಂದ ಬರುವುದು ಹೇಗೆ? ಮಗನ ಕಡೆ ನೋಡಿದಳು. ನಾಮದೇವ ಹೆಂಡತಿಯ ಕಡೆ ನೋಡಿದ.

"ಕೊಡ್ತೀನಿ," ಎಂದಳು ಹೌಸಾ, ಯಾರೂ ಕೇಳುವ ಮುಂಚೆಯೇ. "ಉಣ್ಣಾಕ ಬಂದವ್ರು ಹಸದು ಹೋಗಬಾರದು."

ಬಾಯಜಾಬಾಯಿ ಗಂಟಲು ಸರಿಮಾಡಿಕೊಂಡಳು. "ಬಣ್ಣಕ್ಕ ಒಂದಿಷ್ಟು ಬ್ಯಾಡಗಿ ಪುಡಿ ಹಾಕು. ಕೆಂಪ ಕಾಣ್ತೈತಿ. ಯಾರ್ಗೂ ಗೊತ್ತಾಗೂದಿಲ್ಲ."

"ಇಲ್ಲ ಅತ್ತಿ. ಕರಿ ಇದ್ದದ್ದು ಕರೀನ ಬಡಸ್ತೀನಿ. ನಮ್ಮವ್ವ ಬಣ್ಣ ಹಚ್ಚಿಕೊಂಡು ನಿಮ್ಮ ಪಂಕ್ತಿಗೆ ಬರೂದಿಲ್ಲ. ಬಂದ್ರ ತನ್ನ ಮಾರಿ ತಗೊಂಡು ಬರತಾಳ. ಬ್ಯಾಡಂದ್ರ ಈಗ ಹೇಳ್ರಿ, ಭರಣಿ ಅಟ್ಟದ ಮ್ಯಾಲ ಆರಾಮ ಐತಿ."

ಅಂಥ ಮಾತು ಆ ಮನೆಯಲ್ಲಿ ಹಿಂದೆ ಯಾರೂ ಆಡಿರಲಿಲ್ಲ. ಬಾಯಜಾಬಾಯಿ ಎದ್ದು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದನ್ನೇ ಒಪ್ಪಿಗೆ ಎಂದುಕೊಂಡು ಹೌಸಾ ಅಟ್ಟ ಹತ್ತಿದಳು.

ಭಾನುವಾರ ಪಡಸಾಲೆಯಲ್ಲಿ ಎರಡು ಸಾಲು ಗಂಡಸರು ಕೂತರು. ತಾಟುಗಳಿಗೆ ರಸ್ಸಾ ಬಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಭಾವಕಿಯ ಹಿರಿಯ ಗಣಪಾ ಮಾವ, ಎಂಬತ್ತು ದಾಟಿದ ಹಳೆಯ ಪೈಲ್ವಾನ, ತಾಟಿನೊಳಗೆ ಬಗ್ಗಿ ನೋಡಿದ.

"ಏನ ಬಾಯಜಾ, ರಸ್ಸಾಕ್ಕ ಯಾರದರ ದೃಷ್ಟಿ ಬಿತ್ತೇನ? ಇಷ್ಟು ಕರ್ರಗ ಆಗೇತಿ?"

ಕಂಬಕ್ಕೆ ಒರಗಿ ಕೂತಿದ್ದ ಬಾಯಜಾಬಾಯಿ ನಗಲು ನೋಡಿದಳು. "ಹಂಗೇನಿಲ್ಲ ಭಾವಾ. ಈ ಸಲ ನಮ್ಮ ಮಸಾಲಿ ಚೂರು ಹೆಚ್ಚ ಹುರದೇನಿ, ರುಚಿ..."

"ಅಲ್ರಿ ಮಾವಾ."

ಹೌಸಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಸೊಂಟದ ಮೇಲೆ ಪಾತ್ರೆ, ಕೈಯಲ್ಲಿ ಸೌಟು, ತಲೆಯ ಮೇಲೆ ಸೆರಗು. ಆ ಮನೆಯ ಸೊಸೆಯರು ಗಂಡಸರ ಪಂಕ್ತಿಯಲ್ಲಿ ಬಾಯಿ ತೆರೆದದ್ದಿಲ್ಲ.

"ಇದು ಚೌಗುಲೆ ಮನಿ ಖಾರ ಅಲ್ಲ. ಮನಿ ಖಾರಕ್ಕ ಬುರುಸು ಬಂದೈತಿ. ಇದು ನಮ್ಮವ್ವ ರಖಮಾನ ಖಾರ. ಕೊಲ್ಹಾಪುರದ ಪ್ಯಾಟ್ಯಾಗ ಬುಟ್ಟಿ ಇಟಗೊಂಡು ಕಲ್ಲುಹೂ ಮಾರತಿದ್ಲಲ್ಲ, ಆಕಿನ. ಉಣ್ಣೂದಾದ್ರ ಆಕಿ ಹೆಸರ ಮ್ಯಾಲ ಉಣ್ರಿ."

ಪಡಸಾಲೆಯಲ್ಲಿ ಒಂದು ತುತ್ತು ಅಲುಗಲಿಲ್ಲ. ನಾಮದೇವ ತಾಟಿನೊಳಗೆ ಮುಖ ಹುದುಗಿಸಿದ. ಗಣಪಾ ಮಾವ ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟ. ನಿಧಾನಕ್ಕೆ ಅಗಿದ. ಹಲ್ಲಿಲ್ಲದ ಬಾಯಿ, ಹೊತ್ತು ಹಿಡಿಯಿತು. ಮೂಗಿನಿಂದ ನೀರು ಇಳಿಯಿತು, ಪಂಚೆಯ ತುದಿಯಲ್ಲಿ ಒರೆಸಿಕೊಂಡ. ಆಮೇಲೆ ತಾಟು ಮುಂದೆ ಚಾಚಿದ.

"ಹಂಗಾರ ನಿಂತಿ ಯಾಕ? ಇನ್ನೊಂದು ಸೌಟು ಹಾಕು, ರಖಮಾನ ಮಗಳ."

ಅವತ್ತು ಮಡಕೆಯ ತಳ ಕೆರೆದರೂ ಸಾಲಲಿಲ್ಲ.

ಊಟವೇನೋ ಗೆದ್ದಿತು, ಮನೆ ಸೋತಿತು. ಎಲ್ಲರೂ ಹೋದ ಮೇಲೆ ಬಾಯಜಾಬಾಯಿ ಹೇಳಿದ್ದು ಒಂದೇ ಮಾತು: "ಮಂದ್ಯಾಗ ನನ್ನ ಮಾನ ಕಳದಿ."

"ನಾ ಕಳೀಲಿಲ್ಲ ಅತ್ತಿ. ಬಿಸಲು ಕಾಣದ ಉಳ್ಳಾಗಡ್ಡಿ ಕಳೀತು," ಎಂದಳು ಹೌಸಾ.

ಅಲ್ಲಿಂದ ಒಂಬತ್ತು ತಿಂಗಳು ಅತ್ತೆ ಸೊಸೆಯ ಜೊತೆ ಮಾತಾಡಲಿಲ್ಲ. ಹೌಸಾ ತನ್ನ ಭರಣಿಯನ್ನು ಅಟ್ಟದಿಂದ ಇಳಿಸಿ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಳು, ಬೀಗವಿಲ್ಲದೆ. ಅದು ಮುಗಿದಾಗ ಮಳೆ ಬಿಟ್ಟ ಬಿಸಿಲಿನಲ್ಲಿ ಒರಳಿಗೆ ಹಾಕಿ ಇನ್ನಷ್ಟು ಕುಟ್ಟಿದಳು. ಈ ಸಲ ಸುಲಭಾಳೂ ಬಂದು ಇನ್ನೊಂದು ಒನಕೆ ಹಿಡಿದಳು. ಮನೆಮಂದಿಯೆಲ್ಲ ಕರಿಖಾರ ಉಂಡರು, ಬಾಯಜಾಬಾಯಿ ಒಬ್ಬಳನ್ನು ಬಿಟ್ಟು. ಅವಳು ಹಸಿಮೆಣಸಿನಕಾಯಿ ಉಪ್ಪು ಅರೆದುಕೊಂಡು, ಮಜ್ಜಿಗೆಯಲ್ಲಿ ರೊಟ್ಟಿ ಮುರಿದುಕೊಂಡು, ಗೋಡೆಯ ಕಡೆ ಮುಖ ಮಾಡಿ ಉಣ್ಣುವಳು. ಆ ಹಟಕ್ಕೆ ಕೈ ಮುಗಿಯಬೇಕು. ಸಂಕ್ರಾಂತಿಯ ಹೊತ್ತಿಗೆ ಒಂದು ಮಧ್ಯಾಹ್ನ ವೈಜಂತಾ ಓಡಿ ಬಂದು ತಾಯಿಯ ಕಿವಿಯಲ್ಲಿ, "ಆಜಿ ಗೂಡಿನಾಗಿನ ಖಾರಕ್ಕ ಬೆರಳು ಅದ್ದಿ ನೆಕ್ಕಾಕತ್ತಾಳ!" ಎಂದಳು. ಹೌಸಾಗೆ ನಗು ಬಂತು. "ಬಾಯಿ ಮುಚ್ಚು. ನೀ ಏನೂ ನೋಡಿಲ್ಲ," ಎಂದು ಮಗಳ ತಲೆಗೆ ಮೊಟಕಿದಳು.

ಮತ್ತೆ ಚೈತ್ರ ಬಂತು. ಈ ಸಲ ಹೌಸಾ ಯಾರನ್ನೂ ಕೇಳಲಿಲ್ಲ. ಮೆಣಸಿನಕಾಯಿ ಒಣಗಿಸಿದಳು, ಉಳ್ಳಾಗಡ್ಡಿಗೆ ಐದಲ್ಲ, ಆರು ದಿನ ಬಿಸಿಲು ತೋರಿಸಿದಳು, ಹುರಿದಳು, ವೈಜಂತಾಳನ್ನು ಕರೆದುಕೊಂಡು ಡಂಕಕ್ಕೆ ಹೋದಳು. ಪಾಳಿಯಲ್ಲಿ ಹನ್ನೊಂದು ಹೆಂಗಸರಿದ್ದರು. ಎಲ್ಲರ ಡಬ್ಬಿಗೂ ಬಟ್ಟೆ ಬಿಗಿದಿತ್ತು. ಹೌಸಾ ಮಾತ್ರ ತನ್ನದನ್ನು ಮೊರದಲ್ಲಿ ಹರಡಿಕೊಂಡು ಕೂತಳು.

"ಹೌಸಾಬಾಯಿ, ಮುಚ್ಚಕೋರಿ, ಎಲ್ಲಾರೂ ನೋಡಾಕತ್ತಾರ," ಎಂದಳು ಪಕ್ಕದವಳು.

"ನೋಡಲಿ ಬಿಡ್ರಿ. ಬೇಕಾದ್ರ ನೆನಪಿಟ್ಟಗೋರಿ. ಮೂರು ಸೇರು ಮೆಣಸಿನಕಾಯಿಗೆ ಕಲ್ಲುಹೂ ಎರಡು ಹಿಡಿ, ಹುಚ್ಚೆಳ್ಳು ಅಚ್ಚೇರು, ಬೆಳ್ಳುಳ್ಳಿ ಸಿಪ್ಪಿ ಸುಲೀಬಾರದು..." ಎಂದು ಅವಳು ರಖಮಾಳ ದನಿಯಲ್ಲೇ, ರಖಮಾಳಷ್ಟೇ ಗಟ್ಟಿಯಾಗಿ ಹೇಳಿದಳು. ಹೆಂಗಸರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಕೆಲವರು ಅಭ್ಯಾಸಬಲದಿಂದ ಮುಖ ತಿರುಗಿಸಿದರು, ಕಿವಿ ಮಾತ್ರ ಇಲ್ಲೇ ಬಿಟ್ಟರು.

ಹೌಸಾಳ ಪಾಳಿ ಬಂದು ಒನಕೆಗಳು ಬೀಳುತ್ತಿರುವಾಗ ಬಾಯಜಾಬಾಯಿ ಬಂದಳು. ಒಂದು ಕೈ ಕೋಲಿನ ಮೇಲೆ, ಇನ್ನೊಂದು ಸುಲಭಾಳ ಹೆಗಲ ಮೇಲೆ. ಜಗಳಕ್ಕೆ ಬಂದಳೆಂದೇ ಎಲ್ಲರೂ ತಿಳಿದರು. ಅವಳು ನೆಟ್ಟಗೆ ಹೌಸಾಳ ಹತ್ತಿರ ಬಂದು ನಿಂತು, ಮೊರದಲ್ಲಿ ಉಳಿದಿದ್ದ ಒಂದು ಚೂರು ಉಳ್ಳಾಗಡ್ಡಿ ಎತ್ತಿ ಬೆರಳಲ್ಲಿ ಹಿಸುಕಿದಳು. ಅದು ಪುಡಿಯಾಯಿತು. ಕೋಲನ್ನು ಸುಲಭಾಳ ಕೈಗೆ ಕೊಟ್ಟಳು. ಹೌಸಾಳ ರಟ್ಟೆ ಹಿಡಿದು ಹತ್ತಿರ ಎಳೆದುಕೊಂಡಳು. ಒಂಬತ್ತು ತಿಂಗಳ ನಂತರದ ಮೊದಲ ಮಾತು ಕಿವಿಯ ಹತ್ತಿರ, ಬಿಸಿ ಉಸಿರಿನೊಡನೆ ಬಂತು.

"ಕಿವಿ ಕೊಡು."

ಈ ಗಳಿಗೆಗಾಗಿ ಹೌಸಾ ಎಷ್ಟು ವರ್ಷ ಕಾದಿದ್ದಳು! ಪಾಳಿಯ ಹೆಂಗಸರು ಆಗಲೇ ಮುಖ ಆಚೆ ತಿರುಗಿಸಿದ್ದರು. ಹೊರಗೆ ಅದೇ ಬೇವಿನ ಗಿಡ. ಅದರ ಬುಡದಲ್ಲಿ ಈಗ ಯಾರೋ ಬೇರೆ ಮನೆಯ ಸೊಸೆ, ಖಾಲಿ ಡಬ್ಬಿ ಹಿಡಿದುಕೊಂಡು ಒಬ್ಬಳೇ ನಿಂತಿದ್ದಳು. ಅವಳನ್ನು ಅಲ್ಲಿ ನಿಲ್ಲಿಸಿದವರು ಯಾರೋ, ಯಾಕೋ. ಹೌಸಾ ಅವಳನ್ನು ನೋಡಿದಳು. ಕಿವಿ ಹಿಂದಕ್ಕೆ ತೆಗೆದುಕೊಂಡಳು.

"ಚಾಚಾ," ಎಂದು ಕೂಗಿದಳು, "ಡಂಕ ನಿಂದ್ರಸು!"

ದಸ್ತಗೀರ ಚಾಚಾ ಗಾಬರಿಯಾಗಿ ಗುಂಡಿ ಒತ್ತಿದ. ಒನಕೆಗಳು ಒಂದೊಂದಾಗಿ ನಿಂತವು. ಆ ಡಂಕದಲ್ಲಿ ಚೈತ್ರದ ಹಗಲು ಅಂಥ ಮೌನ ಯಾರೂ ಕೇಳಿರಲಿಲ್ಲ. ಯಾರದೋ ಸೀನು ದೊಡ್ಡದಾಗಿ ಕೇಳಿತು.

"ಈಗ ಹೇಳ್ರಿ ಅತ್ತಿ."

"ನಿನ್ನ ನಾಲಿಗಿ ಕಿತ್ತು ಮಾಳಗಿ ಮ್ಯಾಲ ಒಣಾ ಹಾಕಬೇಕು," ಎಂದಳು ಬಾಯಜಾಬಾಯಿ, ಹಲ್ಲು ಕಚ್ಚಿ. "ಮಂದಿ ಮುಂದ ಹೇಳಂತೀಯೇನ? ನಾಲ್ಕು ತಲಿಮಾರಿಂದು!"

"ಹೇಳೂದಾದ್ರ ಎಲ್ಲಾರಿಗೂ ಹೇಳ್ರಿ, ಇಲ್ಲಂದ್ರ ನನಗೂ ಬ್ಯಾಡ. ಇಪ್ಪತ್ಮೂರು ವರ್ಷ ಅದಿಲ್ಲದ ಉಂಡೀನಿ, ಇನ್ನೂ ಉಣ್ತೀನಿ. ನಮ್ಮವ್ವ ಪ್ಯಾಟ್ಯಾಗ ಕುಂತು ಕೂಗಿ ಹೇಳಿದ್ಲು ಅತ್ತಿ, ಆಕಿ ಖಾರ ಇವತ್ತಿಗೂ ಐತಿ. ನೀವು ಕಿವ್ಯಾಗ ಹೇಳಿದ್ರಿ, ಬುರುಸು ಬಂತು."

ಸುಲಭಾ ತಲೆ ತಗ್ಗಿಸಿದಳು. ಬಾಯಜಾಬಾಯಿಯ ಮುಖ ಕೆಂಪಾಯಿತು. ಕೈ ಕೋಲಿಗಾಗಿ ತಡಕಾಡಿತು. ಹೊಡೆಯುತ್ತಾಳೋ, ಹೊರಟೇಹೋಗುತ್ತಾಳೋ ಯಾರಿಗೂ ತಿಳಿಯಲಿಲ್ಲ. ಹೌಸಾ ಮೊರ ಹಿಡಿದು ನಿಂತೇ ಇದ್ದಳು. ಇನ್ನೊಮ್ಮೆ ಕೇಳುವವಳಲ್ಲ.

"ಲಗೂನ ಹೇಳ್ರಿ ಬಾಯಿ," ಎಂದ ಚಾಚಾ, ಖಾರದ ಕೈಯಲ್ಲಿ ಗಡ್ಡ ಕೆರೆದುಕೊಳ್ಳುತ್ತ, "ಕರೆಂಟ್ ಹೋಗೂ ಹೊತ್ತಾತು."

ಮುದುಕಿ ಡಂಕದ ಕಟ್ಟೆಯ ಮೇಲೆ ಕೂತಳು. ಬೇವಿನ ಬುಡದ ಹುಡುಗಿಗೂ ಕೇಳುವಂತೆ ಗಂಟಲೆತ್ತಿದಳು.

"ಒಂದ ಸಲ ಹೇಳ್ತೀನಿ, ಎರಡನೇ ಸಲ ಕೇಳಿದ್ರ ಕೋಲಿನ ಏಟು. ಮೊದಲ ಉಳ್ಳಾಗಡ್ಡಿ. ಐದು ದಿನ ಬಿಸಲ. ಸುಲಭಾ, ಕೇಳಿಸ್ಕೊಂಡಿಯೇನ? ಐದು ದಿನ."

ಆಚೆ ತಿರುಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಈ ಕಡೆ ತಿರುಗಿದರು.